ಹಂಡೆಯ ನೀರು

ಬಸವನಹುಳುಗಳೆಲ್ಲ ನೀರು ಬಿಟ್ಟು ಮೇಲೆ ಬಂದಿದ್ದವು. ಭಾನುವಾರ ಬೆಳಿಗ್ಗೆ ನಡುಮನೆಯ ಕಿಟಕಿ ತೆರೆದ ನೀಲಗಂಗಮ್ಮ ಮೊದಲು ಕಂಡದ್ದು ಅದನ್ನೇ. ಗಾಜಿನ ತೊಟ್ಟಿಯ ಒಳಮೈಗೆ, ನೀರಿನ ಗೆರೆಗಿಂತ ಎರಡು ಬೆರಳು ಮೇಲೆ, ಒಣಗಾಜಿಗೆ ಕಚ್ಚಿಕೊಂಡು ಒಂದರ ಪಕ್ಕ ಒಂದು ನಿಂತಿದ್ದವು. ಗಿಡಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗಿದ್ದವು. ರಿಬ್ಬನ್ನಿನಂಥ ಎಲೆಗಳ ಮೇಲೆ ಎಳೆಬಿಸಿಲು ಬಿದ್ದು ಸಣ್ಣಸಣ್ಣ ಗುಳ್ಳೆಗಳು ಏಳುತ್ತಿದ್ದವು. ಅವುಗಳ ನಡುವೆ ನಾಲ್ಕು ಸಾಸಲು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದ ಎರಡು, ಗೆಂಡೆ ಮೀನು, ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ಬೇಗಬೇಗ ಬಾಯಿ ತೆರೆದು ಮುಚ್ಚುತ್ತಿದ್ದವು. ಅಯ್ಯೋ ಎನ್ನಿಸುವ ಮೊದಲೇ ಅವಳಿಗೆ ಹತ್ತು ಗಂಟೆ ಎನ್ನಿಸಿತು. ಹತ್ತು ಗಂಟೆಗೆ ಹೆಡ್ಮಿಸ್ಟ್ರೆಸ್ಸು ಬರುತ್ತಾರೆ. ಸತ್ತ ಮೀನನ್ನು ನೋಡಿ ಮೊದಲು ಗಡಿಯಾರ ನೆನೆದ ತನ್ನ ಮನಸ್ಸನ್ನು ಅವಳು ಗಮನಿಸಿದಳು. ಗಮನಿಸಿದ ಮೇಲೂ ಗಡಿಯಾರದ ಕಡೆಗೇ ತಿರುಗಿದಳು. ಏಳೂಕಾಲು.

ಶಾಲೆಯಲ್ಲಿ ಇನ್ಸ್‌ಪೆಕ್ಷನ್ನಿಗೆ ಮುಂಚೆ ವಿಜ್ಞಾನದ ಕೋಣೆಗೆ ಇಂಥದೇ ಒಂದು ತೊಟ್ಟಿ ಬೇಕೆಂದು ಮಾತಾಗಿತ್ತು. ಅದೇ ಕೋಣೆಗೆ ಒಬ್ಬ ಅಟೆಂಡರನ ಹುದ್ದೆ, ಕಾಯಂ ಹುದ್ದೆ, ಮಂಜೂರಾಗಿತ್ತು. ಒಂಬತ್ತು ವರ್ಷದಿಂದ ಶಾಲೆಯ ಅಂಗಳ, ಕೋಣೆ, ಕಕ್ಕಸು ಗುಡಿಸುತ್ತ ಹಂಗಾಮಿಯಾಗಿಯೇ ಉಳಿದಿದ್ದ ಮಂಚಯ್ಯನಿಗೆ ಅದನ್ನು ಕೊಡಬೇಕೆಂದು ಸ್ಟಾಫ್‌ರೂಮಿನಲ್ಲಿ ಹೇಳಿದವಳು ನೀಲಗಂಗಮ್ಮನೇ. ಹೆಡ್ಮಿಸ್ಟ್ರೆಸ್ ಸುಬ್ಬಮ್ಮನವರು ಕನ್ನಡಕದ ಮೇಲಿಂದ ನೋಡಿ, "ಪೊರಕೆ ಹಿಡಿದ ಕೈಗೆ ಗಾಜು ಕೊಟ್ರೆ ನಿಲ್ಲುತ್ತೇನ್ರೀ?" ಎಂದಿದ್ದರು. "ನಮ್ಮ ಮನೆಗೆ ಬಂದು ಅವನು ಮಾಡಿರೋ ತೊಟ್ಟಿ ನೋಡಿ ಮೇಡಂ. ಆಮೇಲೆ ತೀರ್ಮಾನ ಮಾಡಿ" ಎಂದಾಗ ಉಳಿದ ಉಪಾಧ್ಯಾಯಿನಿಯರು ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ್ದರು. ಹಾಗೆ ಅವರು ತಿರುಗಿದ್ದು ಅವಳಿಗೆ ಹಿತವಾಗಿತ್ತು. ಸಂಜೆ ಮನೆಗೆ ನಡೆಯುವಾಗ, ಅದು ಮಂಚಯ್ಯನಿಗೆ ಒಳ್ಳೆಯದಾಗುವ ಹಿತವೋ, ತನ್ನನ್ನು ನೋಡಿದರೆಂಬ ಹಿತವೋ ಎಂದು ಕೇಳಿಕೊಂಡು, ಎರಡೂ ಇರಬಹುದು ಎಂದು ಸಮಾಧಾನ ಮಾಡಿಕೊಂಡಿದ್ದಳು. ಮೈಸೂರಿನ ಹಾಸ್ಟೆಲಿನಲ್ಲಿ ಅಸ್ಪೃಶ್ಯತೆಯ ವಿರುದ್ಧ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಗೆದ್ದ ಬೆಳ್ಳಿ ಬಟ್ಟಲು ಇನ್ನೂ ಟ್ರಂಕಿನಲ್ಲಿತ್ತು. ಆ ದಿನವೂ ಹೀಗೇ ಎಲ್ಲರೂ ತಿರುಗಿ ನೋಡಿದ್ದರು.

ದೊಡ್ಡ ಚಮಚದಿಂದ ಒಂದೊಂದೇ ಮೀನನ್ನು ಎತ್ತಿ ಹಳೆಯ ಪೇಪರಿನ ಮೇಲೆ ಹಾಕಿದಳು. ಒದ್ದೆ ಕಾಗದಕ್ಕೆ ಅವು ಅಂಟಿಕೊಂಡವು. ಇಷ್ಟು ಹಗುರವೆಂದು ಗೊತ್ತಿರಲಿಲ್ಲ. ಮಂಚಯ್ಯ ಇವನ್ನು ಅಂಗೈ ಬೊಗಸೆಯಲ್ಲಿ ಇಳಿಬಿಟ್ಟಾಗ ಅವನ ಬೆರಳ ಸಂದಿಯಿಂದ ಒಂದೊಂದಾಗಿ ಜಾರಿ, ಗಿಡದ ಬುಡಕ್ಕೆ ಓಡಿ ಅಡಗಿದ್ದವು. "ಇವತ್ತು ಕಾಣಕಿಲ್ಲ ಬುಡಿ ಅವ್ವಾರೆ. ಒಸಾ ಮನೆ. ನಾಚ್ಕತ್ತವೆ" ಎಂದಿದ್ದ. ಮೀನು ಬಿಡುವುದಕ್ಕೆ ಮುಂಚೆ ಹನ್ನೆರಡು ದಿನ ಬರೀ ಗಿಡ, ನೀರು, ಹುಳು ಮಾತ್ರ ಇರಬೇಕೆಂದು ಹಟ ಹಿಡಿದವನೂ ಅವನೇ. ಓದಿದ್ದ ಅವಳಿಗೇ ಅದು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಸಕಲೇಶಪುರದ ಆಚೆ ಒಬ್ಬ ಕಾಫಿ ತೋಟದ ದೊರೆಯ ಬಂಗಲೆಯಲ್ಲಿದ್ದನಂತೆ. ಅಲ್ಲಿ ಇದಕ್ಕಿಂತ ನಾಲ್ಕು ಪಟ್ಟು ದೊಡ್ಡ ತೊಟ್ಟಿ ಇತ್ತಂತೆ. "ದೊರೆಸಾನಿ ಒಂದೊಂದು ಮೀನ್ಗೂ ಒಂದೊಂದು ಎಸ್ರು ಮಡಗಿದ್ಲು ಅವ್ವಾರೆ. ಕೆಲ್ಸಕ್ಕಿದ್ದ ಏಳು ಜನಕ್ಕೂ ಬಾಯ್ ಅಂತ್ಲೇ ಕೂಗೋಳು. ಬಾಯ್ ಅಂದೇಟ್ಗೆ ಏಳು ಜನಾನೂ ಓಡೋಗದು." ಹೇಳಿ ನಕ್ಕಿದ್ದ. ಅವಳೂ ನಕ್ಕಿದ್ದಳು. ತನಗಿಂತ ಇಪ್ಪತ್ತೈದು ವರ್ಷ ದೊಡ್ಡವನನ್ನು ತಾನೂ ಮಂಚಯ್ಯಾ, ನೀನು, ಬಾ, ಹೋಗು ಎನ್ನುತ್ತಿದ್ದೇನೆಂದು ಆಗ ಹೊಳೆದು, ನಾಳೆಯಿಂದ ನೀವು ಎನ್ನಬೇಕೆಂದುಕೊಂಡಳು. ಮಾರನೆಯ ದಿನ ಆ ಮಾತು ನಾಲಿಗೆಯ ತುದಿಯವರೆಗೂ ಬಂದು, ಅವನೇ ಏನಾದರೂ ಅಂದುಕೊಂಡಾನೆಂದು ನಿಂತುಹೋಯಿತು.

ಅವಳ ಗಂಡ ಚನ್ನಪ್ಪ ಅರಕಲಗೂಡಿನಲ್ಲಿ ಓವರ್ಸಿಯರ್. ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಅತ್ತೆ ಚಿಕ್ಕಲಕ್ಷ್ಮಮ್ಮ ಮಗಳ ಬಾಣಂತನಕ್ಕೆಂದು ದುದ್ದಕ್ಕೆ ಹೋಗಿದ್ದರು. ಆ ಒಂದೂವರೆ ತಿಂಗಳಲ್ಲಿ ತೊಟ್ಟಿ ಹುಟ್ಟಿದ್ದು. ಕಮ್ಮಾರನ ಹತ್ತಿರ ಕಬ್ಬಿಣದ ಚೌಕಟ್ಟು ಮಾಡಿಸಿ, ಕಿಟಕಿ ಗಾಜಿಗೆ ಬಡಗಿಗಳು ಮೆತ್ತುವ ಪುಟ್ಟಿಯಲ್ಲೇ ಗಾಜು ಕೂರಿಸಿದ್ದರು. ತವರಿಗೆ ಹೋದಾಗ ಹೊಳೆನರಸೀಪುರದ ಹೊಳೆಯಿಂದ ಒಂದು ಚೀಲ ಮರಳು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದಳು. ಮಂಚಯ್ಯ ಅದನ್ನು ಕಲಗಚ್ಚಿನ ಬಣ್ಣ ಹೋಗುವವರೆಗೆ ತೊಳೆದ. ಅವಳು ಸಾಕು ಎಂದಾಗಲೆಲ್ಲ ಒಂದು ಲೋಟದಲ್ಲಿ ಆ ನೀರನ್ನು ಹಿಡಿದು ಬೆಳಕಿಗೆ ತೋರಿಸಿ, "ಎಲ್ಲಿ ಸಾಕು?" ಎನ್ನುತ್ತಿದ್ದ. ತಳಕ್ಕೆ ಕೆರೆಯ ಗೋಡುಮಣ್ಣು, ಮೇಲೆ ಮರಳು, ಮರಳಿನ ಮೇಲೆ ಒಂದು ತಟ್ಟೆ. ತಟ್ಟೆಯ ಮೇಲೆ ನೀರು ಬಿದ್ದರೆ ಮರಳು ಕದಡುವುದಿಲ್ಲ. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರೆಂದು ಎರಡು ಡಬ್ಬ ಅಡ್ಡೆ ಕಟ್ಟಿ ಕೆರೆಯಿಂದಲೇ ನೀರು ಹೊತ್ತು ತಂದ. ಮೊದಲು ಜಗಲಿಯ ಮೇಲೆ ಇಟ್ಟಿದ್ದರು. ಬಿಸಿಲು ಹೆಚ್ಚಾಗಿ ಗಾಜಿಗೆಲ್ಲ ಪಾಚಿ ಕಟ್ಟತೊಡಗಿದಾಗ ಅವಳೇ, "ಒಳಗಿಡೋಣ ಬಾ" ಎಂದಳು. ಅವನು ಹೊಸಲಿನ ಮುಂದೆ ಒಂದು ಕ್ಷಣ ನಿಂತ. "ಬಾ ಮಂಚಯ್ಯ, ಏನಾಗಲ್ಲ" ಎಂದಳು. ಏನಾಗಲ್ಲ! ಆ ಮಾತನ್ನು ಯಾರಿಗೆ ಹೇಳಿಕೊಂಡೆ ಎಂದು ಈಗ, ಮೀನಿನ ಪೊಟ್ಟಣವನ್ನು ಹಿತ್ತಲಿಗೆ ಒಯ್ಯುತ್ತ, ನೆನೆದುಕೊಂಡಳು.

ನುಗ್ಗೆಮರದ ಬುಡದಲ್ಲಿ ಕೋಲಿನಿಂದ ಕೆದಕುತ್ತಿರುವಾಗ ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು. "ಏನವ್ವ ಅದು?"

"ಮೀನು ಅತ್ತೆ. ಸತ್ತು ಹೋದವು."

ಅತ್ತೆ ಬಾಗಿ ನೋಡಿದರು. "ಇಷ್ಟಿಷ್ಟುದ್ದದವು. ನೋಡ್ಕಂಡು ಕೂತ್ಕಳಕ್ಕೆ ಮೀನು ಸಾಕೋದ ನಾನೆಲ್ಲೂ ಕಾಣೆ ಕಣವ್ವ. ಒಂದ್ ಗೇಣುದ್ದ ಆದ್ರೆ ಸಾರಾದ್ರೂ ಆಗೋದು." ಹಾಗೆಂದು ಬಚ್ಚಲಿನ ಕಡೆ ಹೋದರು. ಅವರ ಮುಖದಲ್ಲಿ ನಿನ್ನೆಯದೇನೂ ಇರಲಿಲ್ಲ.

ನಿನ್ನೆ, ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅತ್ತೆ ದುದ್ದದ ಬಸ್ಸಿನಿಂದ ಇಳಿದು ಬಂದು, ತಂದ ತೆಂಗಿನಕಾಯಿ ಚೀಲದ ಪಕ್ಕ ಕೂತು ತೊಟ್ಟಿಯನ್ನೇ ನೋಡುತ್ತಿದ್ದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಸ್ಕೂಲಿನ ಮಂಚಯ್ಯ ಎಂದಳು. "ಗುಡ್ಸೋನಾ? ಒಳೀಕ್ ಬಂದಿದ್ನಾ?" ಎಂದರು. "ಇಲ್ಲತ್ತೆ, ಜಗಲಿ ಮೇಲೆ ಇಟ್ಟು ಹೋದ. ನಾನೇ ಒಳಗೆ ತಂದೆ" ಎಂದಳು. ಒಬ್ಬರಿಂದ ಅಲುಗಾಡಿಸಲಾಗದ ತೊಟ್ಟಿ. ಅತ್ತೆ ತೊಟ್ಟಿಯನ್ನು ನೋಡಿದರು, ಸೊಸೆಯ ತೋಳುಗಳನ್ನು ನೋಡಿದರು. ಆಮೇಲೆ, "ನೀರು ಎಲ್ಲಿದು?" ಎಂದರು. ಅಷ್ಟೇ. "ನೀರು ಇವತ್ತು ಬದಲಾಯಿಸ್ತೀನಿ" ಎಂದು ನೀಲಗಂಗಮ್ಮ ಹೇಳಿದಳು. ಸೀರೆಯನ್ನೂ ಬದಲಿಸದೆ ಲ್ಯಾಬಿನಿಂದ ತಂದಿದ್ದ ರಬ್ಬರ್ ಕೊಳವೆಯನ್ನು ತೊಟ್ಟಿಗೆ ಇಳಿಬಿಟ್ಟಳು. ನೀರು ಬಕೀಟಿಗೆ ಬಿದ್ದು, ಬಕೀಟಿನಿಂದ ಮೋರಿಗೆ ಹೋಗಿ, ಗಿಡಗಳು ಒಂದೊಂದಾಗಿ ಮರಳ ಮೇಲೆ ಒರಗಿದವು. ತಳದಲ್ಲಿ ನಾಲ್ಕು ಬೆರಳು ನೀರಿನಲ್ಲಿ ಮೀನುಗಳು ಒಂದರ ಮೇಲೊಂದು ಒದ್ದಾಡಿದವು. ನಲ್ಲಿಯಲ್ಲಿ ಬೆಳಿಗ್ಗೆ ಮಾತ್ರ ನೀರು. ಆ ಹೊತ್ತಿಗೆ ಮನೆಯಲ್ಲಿದ್ದದ್ದು ಅಡಿಗೆಮನೆಯ ತಾಮ್ರದ ಹಂಡೆಯ ನೀರೊಂದೇ. ಶುಕ್ರವಾರ ಅವಳೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ ತುಂಬಿಸಿದ್ದ ಹಂಡೆ. "ತಾಮ್ರದ ನೀರು ತೋರುಸ್ಬ್ಯಾಡಿ, ಮೀನ್ಗೆ ಅದು ಇಸ" ಎಂದು ಮಂಚಯ್ಯ ಹೇಳಿದ್ದ. ಅವನು ಹೇಳಬೇಕಾಗಿಯೂ ಇರಲಿಲ್ಲ. ತಾಮ್ರದ ಲವಣವಾದ ಮೈಲುತುತ್ತ ಕೆರೆಯ ಪಾಚಿಯನ್ನು ಹೇಗೆ ಕೊಲ್ಲುತ್ತದೆಂದು ಹತ್ತನೇ ತರಗತಿಗೆ ಅವಳೇ ಹೇಳಿಕೊಡುತ್ತಿದ್ದಳು. ಒಂದು ರಾತ್ರಿಗೇನಾಗುತ್ತೆ, ಬೆಳಿಗ್ಗೆ ನಲ್ಲಿ ನೀರು ಹಿಡಿದು ಬಿಸಿಲಿಗಿಟ್ಟು ಬದಲಾಯಿಸಿದರಾಯಿತು ಎಂದುಕೊಂಡಳು. ಚೊಂಬಿನಲ್ಲಿ ಮೊಗೆದು ಮೊಗೆದು ತಟ್ಟೆಯ ಮೇಲೆ ಸುರಿದಳು. ಗಿಡಗಳು ಎದ್ದು ನಿಂತವು. ನೀರು ತಿಳಿಯಾಗಿತ್ತು, ತಿಂಗಳಲ್ಲಿ ಎಂದೂ ಇಲ್ಲದಷ್ಟು ತಿಳಿ. ಆಗ ಅವಳಿಗೆ ತೊಟ್ಟಿ ಇದೀಗ ತನ್ನದಾಯಿತು ಎನ್ನಿಸಿತ್ತು. ಅದು ಅತ್ತೆಗಾಗಿ, ಮುದುಕಿಯ ಮನಸ್ಸಿಗೆ ನೋವಾಗದಿರಲೆಂದು ಮಾಡಿದ್ದು ಎಂದು ರಾತ್ರಿ ಮಲಗುವ ಮುಂಚೆ ಒಂದೆರಡು ಸಲ ಹೇಳಿಕೊಂಡಿದ್ದಳು. ಈಗಲೂ ಮಣ್ಣು ಮುಚ್ಚಿ ಕೈ ತೊಳೆಯುತ್ತ ಅದನ್ನೇ ಹೇಳಿಕೊಂಡಳು.

ಮಂಚಯ್ಯ ಒಂಬತ್ತೂವರೆಗೇ ಬಂದ. ತಲೆಗೆ ಎಣ್ಣೆ ಹಾಕಿ ಬಾಚಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡಿದ್ದ. ಅದು ಬಿಗಿಯಾಗಿ ಅವನು ಗಲ್ಲವನ್ನು ಎತ್ತಿಯೇ ಇರಬೇಕಾಗಿತ್ತು. ತಾವರೆ ಎಲೆಯಲ್ಲಿ ಸುತ್ತಿದ ಒದ್ದೆ ಗಿಡದ ಕಟ್ಟು ಕೈಯಲ್ಲಿತ್ತು. "ಆ ಎಡಗಡೆ ಮೂಲೆ ಬೋಳಾಗದಲ್ಲವ್ವಾರೆ, ಎಡ್ಮಿಸ್ಸಮ್ಮೋರು ಬರಕ್ ಮುಂಚೆ ಎಲ್ಡು ಬುಡ ನೆಟ್ಬುಡವಾ ಅಂತ ತಂದೆ." ತಿಂಗಳ ರೂಢಿಯಂತೆ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟ. ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕೂತ ಚಿಕ್ಕಲಕ್ಷ್ಮಮ್ಮ ಕಂಡರು. ಕಾಲು ಕೆಳಕ್ಕೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಮೇಲಿಟ್ಟದ್ದೇ ಸುಳ್ಳೆಂಬಂತಿತ್ತು. ನೀಲಗಂಗಮ್ಮ ಬೇಲಿಯ ದಾಸವಾಳವನ್ನು ನೋಡಿದಳು.

"ಎಂಗವೆ ಮೀನು?" ಎಂದ.

"ಇವೆ" ಎಂದಳು. ಎರಡು ಇದ್ದವು, ಸುಳ್ಳಲ್ಲ.

ಈಗಲೇ ಹೇಳಿಬಿಡಬಹುದಿತ್ತು. ಬರುವವರು ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅವನಿಗೆ ಏನಾದರೂ ಉಪಾಯ ಹೊಳೆಯುತ್ತಿತ್ತು. ಆದರೆ ಹೇಳಿದರೆ ಅವನು ಯಾಕೆ ಎಂದು ಕೇಳುತ್ತಿದ್ದ. ಅಥವಾ ಕೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಕಾಫಿಗೆ ನೀರಿಡಬೇಕೆಂದು ಒಳಗೆ ಹೋದಳು. ಅತ್ತೆಯೂ ಮೊರ ಎತ್ತಿಕೊಂಡು ಅಡಿಗೆಮನೆಗೆ ಬಂದರು.

ಸುಬ್ಬಮ್ಮನವರು ಜಟಕಾದಿಂದ ಇಳಿದು ಛತ್ರಿ ಮಡಿಸುತ್ತಲೇ ಮಾತಾಡತೊಡಗಿದರು. "ಏನ್ರೀ ನೀಲಗಂಗಮ್ಮನೋರೇ, ಮನೇಲೇ ಕೆರೆ ಕಟ್ಟಿಸಿದ್ದೀರಂತೆ! ಏರಿ ಎಲ್ಲಿ, ತೂಬೆಲ್ಲಿ, ತೋರಿಸಿ ನೋಡೋಣ." ಅಂಗಳದಲ್ಲಿ ಕೈಮುಗಿದು ನಿಂತವನ ಕಡೆ, "ಓಹೋ, ಕಂಟ್ರಾಕ್ಟರೂ ಹಾಜರು! ಮದುವೆ ಗಂಡಿನ ಹಾಗಿದೀಯಲ್ಲಯ್ಯ" ಎಂದರು. ಮಂಚಯ್ಯ ಗಲ್ಲವೆತ್ತಿಕೊಂಡೇ ನಕ್ಕ. ಅವರು ಒಳಬಂದು ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡು ಕೂತರು. ಬಾಗಿಲು ಪೂರ್ತಿ ತೆರೆದಿತ್ತು. ಮೆಟ್ಟಿಲ ಕೆಳಗೆ ನಿಂತವನಿಗೆ ತೊಟ್ಟಿಯ ಒಂದು ಬದಿ ಮಾತ್ರ ಕಾಣುತ್ತಿತ್ತು.

"ಗಿಡಗಳು ಚೆನ್ನಾಗಿವೆ ಕಣ್ರೀ, ನಿಜವಾಗ್ಲೂ. ತೋಟದ ಹಾಗಿದೆ. ಮೀನೆಲ್ಲಿ?" ಕನ್ನಡಕ ಸರಿಮಾಡಿಕೊಂಡು ಬಾಗಿದರು. "ಅಯ್ಯೋ. ಇದೊಂದು ಮಗ್ಗುಲಾಗಿ ಮಲಗಿದೆಯಲ್ರೀ! ಮೀನು ಮಲಗೋದು ಹೀಗೇನು?"

ಕಾಫಿಯ ಲೋಟ ಅವರ ಪಕ್ಕದಲ್ಲಿಡುತ್ತ ನೀಲಗಂಗಮ್ಮ ಹೇಳಿದಳು: "ಕೆರೆಯ ನೀರು ನೋಡಿ ಮೇಡಂ. ಅದರಲ್ಲಿ ಏನಿರುತ್ತೋ ಹೇಳೋಕಾಗಲ್ಲ."

ಅವಳು ಮಾತನ್ನು ಅಳೆದು ಆಡುವವಳು. ಆ ಮಾತಿನಲ್ಲಿ ಯಾರ ಹೆಸರೂ ಇರಲಿಲ್ಲ. ಒಂದೊಂದು ಪದವಾಗಿ ಬಿಡಿಸಿದರೂ ಅದರಲ್ಲಿ ಸುಳ್ಳು ಸಿಕ್ಕುತ್ತಿರಲಿಲ್ಲ. ಬೆಳಗಿನಿಂದ ತನಗೇ ತಿಳಿಯದಂತೆ ಒಳಗೆಲ್ಲೋ ಅದನ್ನು ಕಟ್ಟಿಟ್ಟುಕೊಂಡಿದ್ದೆ ಎಂದು ಆಡಿದ ಮೇಲೆ ಗೊತ್ತಾಯಿತು.

"ಅದೇ ಅಲ್ವೇನ್ರೀ ನಾನು ಹೇಳಿದ್ದು? ನಾಳೆ ಆಸಿಡ್ಡಿನ ಬಾಟ್ಲಿ ಕೈಗೆ ಕೊಟ್ಟರೆ ಯಾವುದಕ್ಕೆ ಯಾವುದು ಸುರೀತಾನೋ. ಮಕ್ಕಳು ಓಡಾಡೋ ಜಾಗ." ಬಾಗಿಲ ಕಡೆ ತಿರುಗಿ ದನಿ ಎತ್ತಿದರು. "ಎಲ್ಲಿಂದ ತಂದೆಯಯ್ಯಾ ಆ ನೀರು?"

"ಕೆರೇದೇ ಅಮ್ಮಾವ್ರೆ. ತಿಂಗ್ಳಾತು. ಮನ್ನೆ ಗುರ್ವಾರ ನಾನೇ ನೋಡಿವ್ನಿ, ಆಟ ಆಡ್ಕಂಡಿದ್ವು." ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕತ್ತು ಚಾಚಿದ. ಹುಬ್ಬು ಕೂಡಿಸಿಕೊಂಡು ನೋಡಿದ. "ಬಸವನುಳ ಎಲ್ಲಾ ಮ್ಯಾಕತ್ಬುಟ್ಟವೆ" ಎಂದು ತನ್ನಷ್ಟಕ್ಕೆ ಅಂದುಕೊಂಡು, ಆಮೇಲೆ ಏನೂ ಕಪಟವಿಲ್ಲದೆ, ಕೆಲಸ ಬಲ್ಲವನು ಕೆಲಸದ ಮಾತು ಕೇಳುವ ಹಾಗೆ ಕೇಳಿದ: "ಅವ್ವಾರೆ, ನೀರೇನಾರ ಬದ್ಲಾಯ್ಸಿದ್ರಾ?"

ಸುಬ್ಬಮ್ಮನವರು ಅವಳನ್ನು ನೋಡಿದರು. "ಬದಲಾಯಿಸಿದ್ರಾ?"

"ಹೂಂ. ನಿನ್ನೆ."

"ಯಾಕ್ರೀ? ತಿಂಗಳಿಂದ ಚೆನ್ನಾಗಿತ್ತು ಅಂತಾನೆ. ನೀವು ಬಿ.ಎಸ್‌ಸಿ. ಓದಿದೋರು. ಚೆನ್ನಾಗಿರೋ ನೀರನ್ನ ಯಾಕೆ ಚೆಲ್ಲಿದ್ರಿ?"

ಅಡಿಗೆಮನೆಯಲ್ಲಿ ಮೊರದ ಸದ್ದು ನಿಂತಿತು. ಯಾಕೆ ಎಂಬುದಕ್ಕೆ ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಿದರೆ ತಪ್ಪು ತನ್ನದಾಗುತ್ತಿತ್ತು, ಹುದ್ದೆ ಅವನದಾಗುತ್ತಿತ್ತು. ಅಷ್ಟು ಸುಲಭ. ಇವನು ಹೊತ್ತು ತಂದ ನೀರು ಎಂದು. ನಾಲ್ಕು ಪದ. ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಇಂಥ ಪದಗಳನ್ನು ಗಂಟಲೆತ್ತಿ ಆಡಿದ್ದಳು. ಅಲ್ಲಿ ಎದುರಿಗೆ ಕೂತವರಲ್ಲಿ ಮಂಚಯ್ಯನಂಥವರು ಯಾರೂ ಇರಲಿಲ್ಲ. ಈಗ ಅವನು ಆರಡಿ ದೂರದಲ್ಲಿ, ಮುಖವೆತ್ತಿಕೊಂಡು, ತಾನು ಕೇಳಿದ ಸಣ್ಣ ಪ್ರಶ್ನೆಗೆ ಉತ್ತರ ಕಾಯುತ್ತಿದ್ದ. ಅವಳು ಬಾಯಿ ತೆರೆದಳು. ಕಣ್ಣು ಅವನ ಕಡೆ ಹೋಯಿತು. ಹೋಗಬಾರದಿತ್ತು. ಅವನು ಅವಳನ್ನು ನೋಡಿದ. ನಿಂತುಹೋದ ಮೊರದ ಸದ್ದಿನ ಕಡೆ, ಅಡಿಗೆಮನೆಯ ಬಾಗಿಲಿನ ಕಡೆ ನೋಡಿದ. ಮತ್ತೆ ತೊಟ್ಟಿಯನ್ನು ನೋಡಿದ. ಅವನಿಗೆ ತಿಳಿಯುತ್ತಿದ್ದುದು ಅವಳಿಗೆ ಕಾಣಿಸಿತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಎತ್ತಿದ್ದ ಗಲ್ಲ ಮಾತ್ರ ಕೆಳಗಿಳಿದು, ಬಿಗಿಯಾದ ಗುಂಡಿಯ ಮೇಲೆ ಕೂತಿತು.

"ನಾನೇ ಯೋಳಿದ್ದೆ ಅಮ್ಮಾವ್ರೆ," ಎಂದ. ಆತುರದ ದನಿ, ಯಾರೋ ಏನೋ ಆಡುವುದಕ್ಕೆ ಮುಂಚೆ ಆಡಿಬಿಡಬೇಕೆಂಬಂತೆ. "ನೀರು ಅಳೇದಾತು, ಬದ್ಲಾಯ್ಸಿ, ಯಾವ್ ನೀರಾದ್ರೂ ಆಯ್ತದೆ ಅಂದ್ಬುಟ್ಟಿದ್ದೆ. ನಂಗ್ ತಿಳೀನಿಲ್ಲ. ತಪ್ಪಾತು."

"ನೋಡಿದ್ರಾ!" ಸುಬ್ಬಮ್ಮನವರು ಕೊನೆಯ ಗುಟುಕು ಕಾಫಿ ಕುಡಿದು ಲೋಟ ಇಟ್ಟರು. ಅವರಿಗೆ ಸಿಟ್ಟೂ ಬಂದಿರಲಿಲ್ಲ; ಅಂದುಕೊಂಡದ್ದೇ ಆದಾಗ ಬರುವ ಒಂದು ನೆಮ್ಮದಿ ಮುಖದಲ್ಲಿತ್ತು. "ನೀವು ಮೆತ್ತನೆ ಮನಸ್ಸಿನೋರು ಕಣ್ರೀ. ಅವನು ಹೇಳಿದ ಅಂತ ನಂಬಿದ್ರಿ. ಈಗ್ಲೂ ಅವನನ್ನ ಬಿಟ್ಟುಕೊಡದೆ ಸುಮ್ಮನೆ ನಿಂತಿದೀರಿ. ಇರಲಿ ಬಿಡಿ, ಆ ಕೆಲಸಕ್ಕೆ ಗಂಟೆ ಹೊಡೆಯೋ ಗುಂಡಯ್ಯನ ಹೆಸರು ಕಳಿಸ್ತೀನಿ. ತೊಟ್ಟಿನೂ ಬೇಡ, ಮೂಕ ಪ್ರಾಣಿ, ನಮಗ್ಯಾಕೆ ಪಾಪ."

ಅವಳು ಅವರನ್ನು ಬೇಲಿಯವರೆಗೂ ಕಳಿಸಿದಳು. ಜಟಕಾ ತಿರುಗುವವರೆಗೆ, ಈಗ ಕೂಗಿದರೂ ಕೇಳಿಸುತ್ತದೆ ಎಂದುಕೊಂಡಳು. ತಿರುಗಿದ ಮೇಲೆ, ಓಡಿದರೂ ಸಿಕ್ಕುತ್ತದೆ ಎಂದುಕೊಂಡಳು.

ಮಂಚಯ್ಯ ಗಿಡದ ಕಟ್ಟನ್ನು ಜಗಲಿಯ ತುದಿಯಲ್ಲಿಟ್ಟು ಹೊರಟಿದ್ದ.

"ಮಂಚಯ್ಯ, ನಾಳೆ ನಾನು ಅವರ ಹತ್ತಿರ ಹೋಗಿ ನಿಜ ಹೇಳ್ತೀನಿ."

"ಏನಂತ ಯೋಳೀರಿ ಅವ್ವಾರೆ?"

ಅವಳು ಜಗಲಿಯ ತುದಿಯ ಗಿಡದ ಕಟ್ಟನ್ನು ಎತ್ತಿಕೊಂಡಳು.

"ಬ್ಯಾಡಿ" ಎಂದ ಮೆಲ್ಲಗೆ. ಕೊರಳ ಗುಂಡಿ ಬಿಚ್ಚಿಕೊಂಡ. "ನಿಮ್ ಸಲ್ವಾಗಿ ಸುಳ್ಳೇಳ್ದೆ ಅಂದ್ಕಬ್ಯಾಡಿ. ಒಂಬತ್ ವರ್ಸದಿಂದ ಗುಡುಸ್ತಾ ಇವ್ನಿ, ನಾ ಮುಟ್ಟಿದ್ ನೀರು ಆಗಕಿಲ್ಲ ಅನ್ನೋ ಅದೊಂದ್ ಮಾತ ಆ ಇಸ್ಕೂಲ್ನಾಗೆ ನನ್ ಮುಂದೆ ಯಾರೂ ಬಾಯ್ಬುಟ್ಟು ಆಡಿಲ್ಲ. ಇವತ್ತು ನಿಮ್ ಬಾಯಲ್ಲಿ ಕೇಳ್ಬುಟ್ರೆ ನಾಳೀಕೆ ಪೊರಕೆ ಇಡ್ಕಂಡು ಎಂಗೆ ಒಳೀಕ್ ಓಗ್ಲಿ? ಅದಕ್ಕೆ ನಾನೇ ಮುಂದಾಗ್ ಅಂದ್ಬುಟ್ಟೆ." ಬಾಗಿಲ ಕಡೆ ನೋಡಿ, "ಆ ಇನ್ನೊಂದು ಗೆಂಡೆ ಇನ್ನೂ ಆಡ್ತಾ ಅದೆ. ಸಿಲ್ವಾರದ ಬಕೀಟ್ನಾಗೆ ನಲ್ಲಿ ನೀರು ಬಿಸ್ಲಿಗ್ ಮಡಗಿ, ಆರುದ್ಮೇಲೆ ಬುಡಿ. ಉಳುದ್ರೆ ಉಳಕತ್ತದೆ" ಎಂದ. ಹೋದ. ನಡಿಗೆ ದಿನದಂತೆಯೇ ಇತ್ತು.

ಒಳಗೆ ಬಂದಾಗ ಚಿಕ್ಕಲಕ್ಷ್ಮಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಆ ಕೆಲ್ಸ ಅವನ್ಗೆ ಆಯ್ತಿತ್ತಾ?"

"ಹೂಂ ಅತ್ತೆ."

"ಮತ್ತೆ ನೀರ್ಯಾಕವ್ವ ಚೆಲ್ದೆ?"

ನೀಲಗಂಗಮ್ಮ ಅವರ ಮುಖ ನೋಡಿದಳು. "ನಿಮಗೋಸ್ಕರ ಅತ್ತೆ. ನೀವು ಕೇಳಿದ್ರಲ್ಲ."

"ಎಲ್ಲಿದು ಅಂದೆ. ಚೆಲ್ಲು ಅಂದ್ನಾ? ಅದೇನು ಕುಡಿಯೋ ನೀರಾ, ಅಡಿಗೆ ನೀರಾ? ಮೀನಿರೋ ನೀರು. ಕೆರೇಲಿ ಅವ್ರೂ ಇಳೀತಾರೆ, ನಮ್ ಎಮ್ಮೇನೂ ಇಳೀತವೆ." ಮುದುಕಿ ಅವಳ ಕಣ್ಣನ್ನೇ ನೋಡುತ್ತ, ಗದರದೆ, ನಿಜಕ್ಕೂ ಗೊತ್ತಿಲ್ಲದೆ ಕೇಳುವವರಂತೆ ಕೇಳಿದರು. "ನಿಂಗೇ ಇರ್ಸುಮುರ್ಸಾಗಿದ್ರೆ ನನ್ಮ್ಯಾಲೆ ಯಾಕವ್ವ ಆಕ್ತೀಯ?"

ಅತ್ತೆ ಒಳಗೆ ಹೋಗಿ ತಟ್ಟೆ ಹಾಕಿದರು. "ಬಾ, ಒತ್ತಾಯ್ತು. ಬೆಳಗ್ನಿಂದ ಏನೂ ತಿಂದಿಲ್ಲ ನೀನು."

ಅವಳು ಕೂತಳು. ಅವರೆಕಾಳಿನ ಸಾರು, ಬಿಸಿ ಮುದ್ದೆ. ತಿನ್ನಲಾಗುವುದಿಲ್ಲ ಎಂದುಕೊಂಡು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಗಂಟಲಲ್ಲಿ ಎಲ್ಲೂ ತಡೆಯದೆ ಇಳಿಯಿತು. ಮುಗಿಯಿತು, ಇನ್ನು ಯಾರೂ ಕೇಳುವುದಿಲ್ಲ ಎಂಬ ಹಗುರ ಮೈಯೆಲ್ಲ ಹರಡುತ್ತಿತ್ತು. ಅದು ಬೇಡವೆಂದರೂ ನಿಲ್ಲಲಿಲ್ಲ. ಅತ್ತೆ ಸೌಟು ಹಿಡಿದು ಎದುರಿಗೆ ನಿಂತಿದ್ದರು. ಅವಳಿಗೆ ಹಸಿವಾಗಿತ್ತು. ತಲೆಯೆತ್ತದೆ ತಟ್ಟೆಯನ್ನು ಮುಂದಕ್ಕೆ ಸರಿಸಿ, ಇನ್ನಷ್ಟು ಹಾಕಿ ಎಂದಳು.